ಬಣ್ಣ ಕಾಣದ ಹಿಮ

ಜಲವರ್ಣದಲ್ಲಿ ಹಿಮವೆಂದರೆ ಹೆಚ್ಚಾಗಿ ಬಣ್ಣ ಬಳಿಯದೆ ಉಳಿಸಿಕೊಂಡ ಕಾಗದದ ಬಿಳುಪೇ. ಕುಂಚಕ್ಕೆ ಕೆಲಸವಿರುವುದು ನೆರಳುಗಳಲ್ಲಿ. ಆದರೆ ಅಂಟಾರ್ಕ್ಟಿಕಾದ ಚಳಿಯಲ್ಲಿ ಕುಂಚದ ನೀರೇ ಹೆಪ್ಪುಗಟ್ಟುತ್ತದೆ. ಕ್ಯಾಪ್ಟನ್ ಸ್ಕಾಟನ ಸಂಗಡಿಗ, ವೈದ್ಯ ಎಡ್ವರ್ಡ್ ವಿಲ್ಸನ್ ಇದಕ್ಕೊಂದು ದಾರಿ ಕಂಡುಕೊಂಡಿದ್ದ. ಬಯಲಿನಲ್ಲಿ ಪೆನ್ಸಿಲಿನಿಂದ ಗೆರೆಯೆಳೆದು, ಬಣ್ಣಗಳ ಹೆಸರನ್ನು ಅಲ್ಲಲ್ಲೇ ಗುರುತಿಸಿಟ್ಟು, ಬಿಡಾರಕ್ಕೆ ಮರಳಿದ ಮೇಲೆ ದೀಪದ ಬೆಳಕಿನಲ್ಲಿ ಚಿತ್ರವನ್ನು ಪೂರೈಸುತ್ತಿದ್ದ. ಹಿಮದ ಪ್ರಖರತೆಗೆ ಕಣ್ಣು ಉರಿದು ಮಂಜಾದರೂ ಗೆರೆಯೆಳೆಯುವುದನ್ನು ಬಿಡಲಿಲ್ಲ.

1912ರ ಜನವರಿಯಲ್ಲಿ ಸ್ಕಾಟನ ಐವರ ತಂಡ ದಕ್ಷಿಣ ಧ್ರುವವನ್ನು ಮುಟ್ಟಿತು. ಅಷ್ಟರಲ್ಲಾಗಲೇ ಬಂದುಹೋಗಿದ್ದ ಅಮುಂಡ್‌ಸನ್ ಬಿಟ್ಟ ಡೇರೆಯನ್ನೂ ವಿಲ್ಸನ್ ಚಿತ್ರಿಸಿಕೊಂಡ. ಹಿಂದಿರುಗುವ ದಾರಿಯಲ್ಲಿ ಐವರೂ ಮಡಿದರು. ನವೆಂಬರಿನಲ್ಲಿ ಹುಡುಕಿ ಹೋದವರಿಗೆ ಶವಗಳೊಡನೆ ಆ ರೇಖಾಚಿತ್ರಗಳೂ ದೊರೆತವು. ಬಿಡಾರದ ದೀಪ ಅವಕ್ಕೆ ದಕ್ಕಲಿಲ್ಲ. ಇಂದಿಗೂ ಅವು ಪೆನ್ಸಿಲಿನ ಗೆರೆಗಳಾಗಿಯೇ ಉಳಿದಿವೆ.