ಆಪತ್ತಿಗೆ ಮುನ್ನಿನ ಸಿದ್ಧತೆ: ಬೆಂಗಳೂರಿನ ಚರಿತ್ರೆಯ ಎರಡು ಪ್ರಸಂಗಗಳು

ಬೈಯಪ್ಪನಹಳ್ಳಿಯ ಮಗ್ಗುಲಲ್ಲಿ ಹಾದುಹೋಗುವ ಜೋಲಾರಪೇಟೆಯ ರೈಲುದಾರಿಯು ೧೮೬೪ರಲ್ಲಿ ಬೆಂಗಳೂರು ದಂಡನ್ನು ಮುಟ್ಟಿತು. ಹನ್ನೆರಡು ವರ್ಷಗಳ ತರುವಾಯ ಬಂದೊದಗಿದ ಧಾತು, ಈಶ್ವರ ಸಂವತ್ಸರಗಳ ಘೋರ ಕ್ಷಾಮದಲ್ಲಿ ಮೈಸೂರು ಸೀಮೆಯು ಹೊರಗಿನ ಧಾನ್ಯಕ್ಕಾಗಿ ಬಹುಮಟ್ಟಿಗೆ ಈ ಒಂದು ದಾರಿಯನ್ನೇ ನಂಬಬೇಕಾಯಿತು.

ನಮ್ಮ ಹಿರಿಯರಿಗೆ ಮುಂದಾಲೋಚನೆ ಇರಲಿಲ್ಲವೆಂದು ಯಾರೂ ಭಾವಿಸಬಾರದು. ರೈತನು ರಾಗಿಯನ್ನು ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಮಳೆ ತಪ್ಪಿದ ವರ್ಷಕ್ಕೆಂದು ಕಾದಿರಿಸುತ್ತಿದ್ದನು. ಹಲವು ವರ್ಷ ಕೆಡದೆ ಉಳಿಯುವ ಧಾನ್ಯವದು. ದಾಸೋಹವುಳ್ಳ ಮಠಗಳ ಕಣಜಕ್ಕೂ ಇದೇ ನ್ಯಾಯವೆಂಬುದನ್ನು ಭಕ್ತಮಹಾಶಯರಿಗೆ ಹೇಳಬೇಕಾಗಿಲ್ಲ. ಆದರೆ ೧೮೭೫ರಲ್ಲಿ ಮಳೆ ಕ್ಷೀಣಿಸಿ, ೧೮೭೬ರಲ್ಲಿ ಪೂರ್ತಿಯಾಗಿ ಕೈಕೊಟ್ಟಾಗ ಮನೆಮನೆಯ ಸಂಗ್ರಹ ಬರಿದಾಯಿತು. ಆಗ ರಾಜ್ಯಭಾರವು ಆಂಗ್ಲ ಕಮಿಷನರ ಕೈಯಲ್ಲಿತ್ತು. ಮದರಾಸಿನಿಂದ ಧಾನ್ಯವು ರೈಲಿನಲ್ಲಿ ಬೆಂಗಳೂರಿನವರೆಗೆ ಬಂದಿತು, ಅಲ್ಲಿಂದಾಚೆ ರೈಲಿರಲಿಲ್ಲ. ಗಾಡಿಯೇ ಗತಿ, ಗಾಡಿಗೆ ಎತ್ತೇ ಗತಿ. ಎತ್ತುಗಳೋ ಮೇವು ನೀರಿಲ್ಲದೆ ಸತ್ತುಬೀಳುತ್ತಿದ್ದುವು. ಧಾನ್ಯವು ಜನರ ಬಳಿಗೆ ಹೋಗಲಾರದಾದಾಗ ಜನರೇ ಧಾನ್ಯವಿದ್ದೆಡೆಗೆ ನಡೆದು ಬಂದರು. ಬಹುಮಂದಿ ದಾರಿಯಲ್ಲಿಯೇ ಅಸುನೀಗಿದರು. ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಇದ್ದ ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿತ್ತು. ಧಾನ್ಯದ ಕೊರತೆಗಿಂತ ಅದನ್ನು ಸಾಗಿಸುವ ಏರ್ಪಾಡಿನ ಕೊರತೆಯೇ ಹೆಚ್ಚು ಪ್ರಾಣಗಳನ್ನು ಕೊಂಡಿತೆಂದು ನನಗೆ ತೋರುತ್ತದೆ. ಕ್ಷಾಮಪೀಡಿತರಿಗೆ ಕೂಲಿ ಕೊಡುವ ಸಲುವಾಗಿ ಆರಂಭಿಸಿದ ಮೈಸೂರು ರೈಲುದಾರಿಯು ಮೈಸೂರನ್ನು ತಲುಪಿದ್ದು ೧೮೮೨ರಲ್ಲಿ, ಹಸಿದವರು ಮಣ್ಣಾದ ಮೇಲೆ.

ಈ ಅನಾಹುತದಿಂದ ಒಂದು ಒಳ್ಳೆಯ ಪದ್ಧತಿಯೂ ಹುಟ್ಟಿತು. ೧೮೮೦ರ ಕ್ಷಾಮ ಆಯೋಗದ ತರುವಾಯ ಸಿದ್ಧವಾದ ಕ್ಷಾಮಸಂಹಿತೆಗಳಲ್ಲಿ, ಮಳೆ ತಪ್ಪಿದೊಡನೆ ಯಾವ ಅಧಿಕಾರಿ ಏನು ಮಾಡತಕ್ಕದ್ದೆಂಬುದನ್ನು ಮೊದಲೇ ಬರೆದಿಟ್ಟರು. ಜಿಲ್ಲೆಜಿಲ್ಲೆಗೂ ಯೋಜನೆ ಇರಬೇಕೆನ್ನುವ ೨೦೦೫ರ ವಿಪತ್ತು ನಿರ್ವಹಣಾ ಕಾಯಿದೆಯು ಒಂದರ್ಥದಲ್ಲಿ ಅದೇ ವಂಶದ್ದು.

೧೮೯೮ರ ಆಗಸ್ಟಿನಲ್ಲಿ, ವಿಳಂಬಿ ಸಂವತ್ಸರದಲ್ಲಿ, ಆಪತ್ತು ಪಡುವಣಿಂದ ಬಂದಿತು: ಹುಬ್ಬಳ್ಳಿಯ ಕಡೆಯ ರೈಲಿನಲ್ಲಿ ಪ್ಲೇಗು. ಈ ಸಲ ಬರಿಗೈಯಿರಲಿಲ್ಲ. ೧೮೯೨ರಿಂದ ಯೋಜನೆಯಲ್ಲಿದ್ದ ಬಸವನಗುಡಿ, ಮಲ್ಲೇಶ್ವರಗಳು ಪೇಟೆಯ ಇಕ್ಕಟ್ಟನ್ನು ಬಿಟ್ಟು ಬಂದವರಿಗೆ ನೆಲೆಯಾದುವು. ನಿವಾರಣಕಾರ್ಯವನ್ನು ಹೊಂದಿಸಲು ದೂರವಾಣಿಯ ತಂತಿಗಳನ್ನು ಎಳೆದರು. ಇಲ್ಲದಿದ್ದುದು ತಿಳಿವಳಿಕೆ. ಇಲಿಯ ಮೈಮೇಲಿನ ಚಿಗಟವೇ ರೋಗವಾಹಕವೆಂದು ಸೀಮಾಂ ಎಂಬ ಫ್ರೆಂಚ್ ವೈದ್ಯನು ಅದೇ ವರ್ಷ ಕರಾಚಿಯಲ್ಲಿ ಕಂಡುಕೊಂಡಿದ್ದರೂ ವೈದ್ಯಲೋಕವು ಅದನ್ನು ನಂಬಲು ಇನ್ನೂ ಕೆಲವು ವರ್ಷಗಳು ಹಿಡಿದುವು.

ಆ ತಿಳಿವಳಿಕೆ ಕಲ್ಲುಗಾರೆಯ ರೂಪ ತಾಳಿದುದನ್ನು ಬೈಯಪ್ಪನಹಳ್ಳಿಗೆ ಅನತಿದೂರದಲ್ಲಿಯೇ ಕಾಣಬಹುದು. ೧೯೦೬ರಲ್ಲಿ ಆರಂಭವಾಗಿ, ರೆಸಿಡೆಂಟರಾಗಿದ್ದ ಸ್ಟೂಅರ್ಟ್ ಫ್ರೇಜರರ ಹೆಸರನ್ನು ಪಡೆದ ಫ್ರೇಜರ್ ಟೌನಿನಲ್ಲಿ, ಇಲಿಗೆ ಎಡೆಗೊಡದ ಮನೆಗಳನ್ನು ಕಟ್ಟಿಸಲು ಜೆ. ಎಚ್. ಸ್ಟೀಫನ್ಸರು ಶ್ರಮಿಸಿದರು. ರೋಗ ಬಂದ ಮೇಲೆ ಊರು ಬಿಡುವುದಕ್ಕಿಂತ ರೋಗಕ್ಕೆ ಎಡೆಯಿಲ್ಲದ ಊರನ್ನು ಕಟ್ಟುವುದು ಮೇಲೆಂಬ ಆಲೋಚನೆ ಅದು.

೨೦೨೧ರ ಮೇ ತಿಂಗಳಲ್ಲಿ, ಕೋವಿಡ್ ವ್ಯಾಧಿಯ ಎರಡನೆಯ ಅಲೆಯಲ್ಲಿ, ಟಾಟಾನಗರದಿಂದ ೧೨೦ ಟನ್ ದ್ರವ ಆಮ್ಲಜನಕವನ್ನು ಹೊತ್ತ ರೈಲು ಇದೇ ಮೂಡಣ ದಾರಿಯ ವೈಟ್‌ಫೀಲ್ಡಿಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಒಯ್ಯಲು ಎತ್ತುಗಳ ಹಂಗಿರಲಿಲ್ಲ.