ಒಂದು ಹಿಟ್‌ನ ತೂಕ: 1951ರ ಜೈಂಟ್ಸ್ ಋತು ಮತ್ತು ಸಂಕೇತಗಳ್ಳತನದ ಲೆಕ್ಕಾಚಾರ

ನ್ಯೂಯಾರ್ಕ್ ಜೈಂಟ್ಸ್ ಬೇಸ್‌ಬಾಲ್ ತಂಡದ 1951ರ ಋತುವಿನ ಸ್ಥೂಲ ಕಥೆಯಲ್ಲಿ ತಕರಾರಿಲ್ಲ. ಆಗಸ್ಟ್ ಎರಡನೆಯ ವಾರದಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್‌ಗಿಂತ 13 ಪಂದ್ಯಗಳಷ್ಟು ಹಿಂದಿದ್ದ ತಂಡ ಕೊನೆಯ 44ರಲ್ಲಿ 37 ಗೆದ್ದಿತು. ಎರಡೂ ತಂಡಗಳು 96 ಗೆಲುವು, 58 ಸೋಲಿನೊಂದಿಗೆ ಸಮವಾದವು. ಮೂರು ಪಂದ್ಯಗಳ ನಿರ್ಣಾಯಕ ಸರಣಿಯ ಕೊನೆಗೆ, ಅಕ್ಟೋಬರ್ 3ರಂದು, ರಾಲ್ಫ್ ಬ್ರಾಂಕಾ ಎಸೆತಕ್ಕೆ ಬಾಬಿ ಥಾಮ್ಸನ್ ಹೋಂ ರನ್ ಹೊಡೆದು ಜೈಂಟ್ಸ್‌ಗೆ ಲೀಗ್ ಪ್ರಶಸ್ತಿ ತಂದರು.

ತಕರಾರು ಹುಟ್ಟಿದ್ದು 2001ರಲ್ಲಿ. ತಂಡದ ತವರಾದ ಪೋಲೋ ಗ್ರೌಂಡ್ಸ್‌ನಲ್ಲಿ, ಸೆಂಟರ್ ಫೀಲ್ಡ್‌ನ ಆಚೆಗಿದ್ದ ಕ್ಲಬ್‌ಹೌಸ್‌ನಿಂದ ದೂರದರ್ಶಕ ಹಿಡಿದು ಎದುರಾಳಿ ಕ್ಯಾಚರ್ ತನ್ನ ಪಿಚರ್‌ಗೆ ಎಸೆತ ಸೂಚಿಸುವ ಬೆರಳ ಸಂಕೇತಗಳನ್ನು ಓದಿ, ಬಜರ್ ಮೂಲಕ ಬ್ಯಾಟರ್‌ಗಳಿಗೆ ಸುಳಿವು ಮುಟ್ಟಿಸಲಾಗುತ್ತಿತ್ತು ಎಂದು ಜೋಶುವಾ ಪ್ರೇಗರ್ ‘ವಾಲ್ ಸ್ಟ್ರೀಟ್ ಜರ್ನಲ್’ನಲ್ಲಿ ಆಟಗಾರರ ಹೇಳಿಕೆಗಳ ಸಮೇತ ಬರೆದರು. ಬೌಲರ್‌ನ ಕೈಯಿಂದ ಚೆಂಡು ಹೊರಡುವ ಮೊದಲೇ ಅದು ಗೂಗ್ಲಿ ಎಂದು ತಿಳಿದುಬಿಟ್ಟರೆ ಹೇಗೋ ಹಾಗೆ. ಈ ಏರ್ಪಾಡು ಜುಲೈ 20ರ ಸುಮಾರಿಗೆ ಶುರುವಾಯಿತು. ಅದು ನಡೆದಿತ್ತೇ ಎಂಬುದು ಇಂದು ಪ್ರಶ್ನೆಯಲ್ಲ. ಅದರಿಂದ ಪ್ರಶಸ್ತಿ ಬಂತೇ ಎಂಬುದು ಪ್ರಶ್ನೆ.

‘ಬರಲಿಲ್ಲ’ ಎನ್ನುವವರ ಮುಖ್ಯ ಅಸ್ತ್ರ ಬ್ಯಾಟಿಂಗ್ ಸರಾಸರಿ, ಅಂದರೆ ಬ್ಯಾಟಿಂಗ್ ಅವಕಾಶಗಳಲ್ಲಿ ಹಿಟ್ ಆದವುಗಳ ಪಾಲು. ಜುಲೈ 20ರ ನಂತರ ತವರಿನಲ್ಲಿ ತಂಡದ ಸರಾಸರಿ ಏರಲಿಲ್ಲ, ಕೊಂಚ ಇಳಿಯಿತು. ದೂರದರ್ಶಕವಿಲ್ಲದ ಪರಸ್ಥಳಗಳಲ್ಲೇ ಏರಿತು. ಗೆಲುವುಗಳು ಹೆಚ್ಚಿದ್ದು ಪಿಚರ್‌ಗಳಿಂದ ಎಂಬ ವಿವರಣೆಗೂ ಬಲವಿದೆ: ಸ್ಯಾಲ್ ಮ್ಯಾಗ್ಲಿ ಮತ್ತು ಲ್ಯಾರಿ ಜಾನ್ಸೆನ್ ಆ ವರ್ಷ ತಲಾ 23 ಗೆದ್ದರು. ಸಾಲದ್ದಕ್ಕೆ ನಿರ್ಣಾಯಕ ಸರಣಿಯ ಎರಡನೆಯ ಪಂದ್ಯ ನಡೆದದ್ದು ಪೋಲೋ ಗ್ರೌಂಡ್ಸ್‌ನಲ್ಲೇ. ಅಲ್ಲಿ ಜೈಂಟ್ಸ್ ಒಂದೂ ರನ್ ಗಳಿಸದೆ 10–0ರಿಂದ ಸೋತಿತು.

ಈ ವಾದದಲ್ಲಿ ಸಂಖ್ಯೆಗಳು ಸರಿ, ಅಳತೆಗೋಲು ತಪ್ಪು ಎಂಬುದು ನನ್ನ ನಿಲುವು. ಜುಲೈ 20ರ ನಂತರ ತವರಿನಲ್ಲಿ ನಡೆದದ್ದು ಮೂವತ್ತಕ್ಕಿಂತ ಕಡಿಮೆ ಪಂದ್ಯ. ಪಂದ್ಯಕ್ಕೆ 32–33ರಂತೆ ಹಿಡಿದರೆ ಬ್ಯಾಟಿಂಗ್ ಅವಕಾಶಗಳು 900ರ ಆಸುಪಾಸು. ಸಾಮಾನ್ಯ ತಂಡವೊಂದರ ಸರಾಸರಿ ಇಷ್ಟು ಅವಕಾಶಗಳಲ್ಲಿ ಬರಿಯ ಆಕಸ್ಮಿಕದಿಂದಲೇ 0.014ರಷ್ಟು ಮೇಲೆಕೆಳಗಾಗಬಹುದು. ಅದೇ ಒಂದು ಹಿಟ್ ಹೆಚ್ಚಾದರೆ ಸರಾಸರಿ ಏರುವುದು 0.001ರಷ್ಟು ಮಾತ್ರ. ಋತು ಮುಗಿದದ್ದೋ ಸಮಬಲದಲ್ಲಿ. ಒಂದೇ ಒಂದು ಗೆಲುವು ಸೋಲಾಗಿದ್ದರೆ ನಿರ್ಣಾಯಕ ಸರಣಿಯೇ ಇರುತ್ತಿರಲಿಲ್ಲ. ಅಂದರೆ ಪ್ರಶಸ್ತಿಯ ದಿಕ್ಕು ಬದಲಿಸಲು ಸಾಕಾಗುವ ಪರಿಣಾಮ, ಸರಾಸರಿಯಲ್ಲಿ ಕಾಣಿಸಿಕೊಳ್ಳಲು ಬೇಕಾದ ಪರಿಣಾಮಕ್ಕಿಂತ ಎಷ್ಟೋ ಪಾಲು ಚಿಕ್ಕದು. ಸರಾಸರಿ ಏರಲಿಲ್ಲವೆಂಬುದು ಆರೋಪವನ್ನು ಅಲ್ಲಗಳೆಯಲಾರದು.

ಇದನ್ನು ಹಿಗ್ಗಿಸಿ ಓದಬಾರದು. ಕಳ್ಳತನವೇ ಪ್ರಶಸ್ತಿ ತಂದಿತೆಂದು ನಾನು ಹೇಳುತ್ತಿಲ್ಲ. ತರಲಿಲ್ಲವೆಂದು ಹೇಳಲು ಈ ಅಂಕಿಗಳಿಗೆ ಶಕ್ತಿಯಿಲ್ಲ ಎಂದಷ್ಟೇ. ಮೇಲಿನ ಲೆಕ್ಕ ಒಂದೊಂದು ಅವಕಾಶವನ್ನೂ ಸ್ವತಂತ್ರವೆಂದು ಭಾವಿಸುತ್ತದೆ, ಆಟದಲ್ಲಿ ಅದು ಪೂರ್ತಿ ನಿಜವಲ್ಲ. ತಪ್ಪಾಗಿ ಓದಿದ ಸಂಕೇತವೊಂದು ಪಂದ್ಯ ಕಳೆದಿರಲೂಬಹುದು. ‘ಬಂತು’ ಎನ್ನುವವರ ಪಕ್ಷಕ್ಕೂ ತೊಡಕಿದೆ: ಔಟ್‌ಫೀಲ್ಡ್‌ನಲ್ಲಿದ್ದ ಥಾಮ್ಸನ್ ಮೂರನೆಯ ಬೇಸ್‌ಗೆ ಬಂದದ್ದೂ ಹೆಚ್ಚುಕಡಿಮೆ ಅದೇ ಜುಲೈ ದಿನಗಳಲ್ಲಿ. ಆ ಬಳಿಕ ಅವರ ಆಟ ಕುದುರಿದ್ದಕ್ಕೆ ದೂರದರ್ಶಕ ಕಾರಣವೋ ಹೊಸ ಜಾಗ ಕಾರಣವೋ ಬಿಡಿಸಿ ಹೇಳುವಂತಿಲ್ಲ. ಕೊನೆಯ ಹೊಡೆತಕ್ಕೆ ಸುಳಿವು ಬಳಸಿರಲಿಲ್ಲವೆಂದು ಸ್ವತಃ ಥಾಮ್ಸನ್ ಹೇಳಿದ್ದರು. ಅವರ ಮಾತನ್ನು ನಂಬದಿರಲು ನನಗೆ ಕಾರಣ ಕಾಣದು. ಆದರೆ ಸಾಕ್ಷ್ಯವೆಂದು ಅದರ ಮೇಲೆ ಹೆಚ್ಚು ಭಾರ ಹಾಕಲಾರೆ.

ಮುಂದಿನ ಪರಿಶೀಲನೆ ಇಡೀ ಋತುವಿನ ಮೊತ್ತಗಳನ್ನು ಬಿಟ್ಟು, ಜೈಂಟ್ಸ್ ತವರಿನಲ್ಲಿ ಒಂದು ರನ್ ಅಂತರದಿಂದ ಗೆದ್ದ ಪಂದ್ಯಗಳತ್ತ ತಿರುಗಬೇಕು. ಸಂಕೇತ ಬೇಡವೆಂದ ಬ್ಯಾಟರ್‌ಗಳೂ ತಂಡದಲ್ಲಿದ್ದರು. ಯಾರು ಬಳಸಿದರು, ಯಾರು ಬಿಟ್ಟರು ಎಂಬ ಪಟ್ಟಿ ದಶಕಗಳ ನಂತರದ ನೆನಪುಗಳನ್ನೇ ನೆಚ್ಚಿಕೊಂಡಿದೆ. ಅದು ಗಟ್ಟಿಯಾಗದ ಹೊರತು ಆ ಪಂದ್ಯಗಳನ್ನು ಬಿಡಿಸಿ ನೋಡಿದರೂ ಉತ್ತರ ಅರ್ಧದಲ್ಲೇ ಉಳಿಯುತ್ತದೆ.