ಅರಿಶಿನದ 2,000 ಪರ್ಸೆಂಟ್ ಲೆಕ್ಕ

ಕೀಲುನೋವಿಗೆ ಅಂತ ಮಾರೋ ಅರಿಶಿನದ ಮಾತ್ರೆ ಡಬ್ಬಿ ನೋಡಿದ್ದೀರಾ? ಕೆಲವು ಡಬ್ಬಿಗಳ ಮೇಲೆ ಒಂದು ಅಂಕಿ ಇರುತ್ತೆ: 2,000 ಪರ್ಸೆಂಟ್. ಆ ಅಂಕಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಇವತ್ತು ಅದರ ಕಥೆ.

ಗಾಯಕ್ಕೆ, ಬಾವಿಗೆ ಅರಿಶಿನ ಹಚ್ಚೋದು ನಮ್ಮಲ್ಲಿ ಹಳೇ ರೂಢಿ. ಅದರ ಹಳದಿ ಅಂಶವಾದ ಕರ್ಕ್ಯುಮಿನ್ ಅನ್ನು ಯುರೋಪಿನಲ್ಲಿ ಬೇರ್ಪಡಿಸಿದ್ದು 1815ರಲ್ಲಿ. ಅದು ಊತ ಇಳಿಸುತ್ತೆ ಅಂತ ಅಳೆದು ತೋರಿಸಿದ ಮುಖ್ಯ ಪ್ರಬಂಧ ಬಂದದ್ದು 1973ರಲ್ಲಿ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಶ್ರೀಮಲ್ ಮತ್ತು ಧವನ್ ಮಾಡಿದ ಕೆಲಸ ಅದು. ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಅನ್ನು ಇಲಿಯ ಪಾದಕ್ಕೆ ಚುಚ್ಚಿದರೆ ಪಾದ ಊದುತ್ತೆ. ಮದ್ದು ಕೊಟ್ಟ ಇಲಿಗೆಷ್ಟು ಊತ, ಕೊಡದ ಇಲಿಗೆಷ್ಟು ಅಂತ ಅಳೀತಾರೆ. ಈ ಪರೀಕ್ಷೆಯಲ್ಲಿ ಕರ್ಕ್ಯುಮಿನ್, ಫಿನೈಲ್‌ಬ್ಯೂಟಜೋನ್ ಅನ್ನೋ ಮದ್ದಿಗೆ ಸಮ ನಿಂತಿತು. ದೀರ್ಘಕಾಲದ ಉರಿಯೂತದಲ್ಲಿ ಮಾತ್ರ ಅದರ ಅರ್ಧದಷ್ಟೇ ಕೆಲಸ ಮಾಡಿತು.

ಇಲಿಯಲ್ಲಿ ಸರಿ, ಮನುಷ್ಯರಲ್ಲಿ? 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಒಂದು ಪರೀಕ್ಷೆ ಪ್ರಕಟಿಸಿದರು. 2 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ದೇಹ ಹೀರಿಕೊಳ್ಳೋದು 2,000 ಪರ್ಸೆಂಟ್ ಏರಿತು.

ನಾನು ಓದಿದ್ದು ಬಿ.ಕಾಂ. ಪರ್ಸೆಂಟ್ ಕಂಡ್ರೆ ‘ಎಷ್ಟರ ಮೇಲೆ?’ ಅಂತ ಕೇಳೋದು ಅಭ್ಯಾಸ. 5 ರೂಪಾಯಿ ವ್ಯಾಪಾರ 105 ಆದ್ರೂ 2,000 ಪರ್ಸೆಂಟ್ ಏರಿಕೆಯೇ. ಆದ್ರೆ ಅಂಗಡಿ ಬಾಡಿಗೆ ಹುಟ್ಟಲ್ಲ. ಇನ್ನೊಂದು ವಿಷಯ, ಆ ಪರೀಕ್ಷೆ ಅಳೆದದ್ದು ರಕ್ತದಲ್ಲಿನ ಪ್ರಮಾಣ, ಮಂಡಿನೋವನ್ನಲ್ಲ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಸುಮಾರು 3 ಪಾಲು. 2 ಗ್ರಾಂ ಬೇಕಂದ್ರೆ 65 ಗ್ರಾಂನಷ್ಟು ಪುಡಿ ತಿನ್ನಬೇಕು. ನಾವು ಸಾರಿಗೆ ಹಾಕೋದು ಚಿಟಿಕೆ.

ಮಂಡಿನೋವು ಕಡಿಮೆಯಾಯ್ತು ಅನ್ನೋ ಸಣ್ಣಪುಟ್ಟ ಪರೀಕ್ಷೆಗಳೂ ಇವೆ. ಆದ್ರೆ 2017ರಲ್ಲಿ ಅಮೆರಿಕದ ಒಂದು ವಿಜ್ಞಾನಿಗಳ ತಂಡ 120ಕ್ಕೂ ಹೆಚ್ಚು ಕ್ಲಿನಿಕಲ್ ಟ್ರಯಲ್‌ಗಳ ಲೆಕ್ಕ ಮುಂದಿಟ್ಟು, ಯಾರಿಗೆ ಮದ್ದು, ಯಾರಿಗೆ ಬರೀ ಹುಸಿಮಾತ್ರೆ ಅಂತ ಎರಡೂ ಕಡೆಯವರಿಗೆ ಗೊತ್ತಿಲ್ಲದಂತೆ ನಡೆಸಿದ ಒಂದು ಟ್ರಯಲ್ಲೂ ಗೆದ್ದಿಲ್ಲ ಅಂದಿತು.

ಅಜ್ಜಿ ಗಾಯದ ಮೇಲೆ ಅರಿಶಿನ ಹಚ್ತಿದ್ರು. ಡಬ್ಬಿಯವರು ಅದನ್ನು ನುಂಗಿಸ್ತಾರೆ, ಅಜ್ಜಿಯ ಹೆಸರಲ್ಲೇ ಮಾರ್ತಾರೆ. ಇಟಲಿಯಲ್ಲಿ, ಅಮೆರಿಕದಲ್ಲಿ ಇಂಥ ಮಾತ್ರೆ ತಗೊಂಡ ಕೆಲವರಿಗೆ ಲಿವರ್ ಹಾನಿಯಾದ ವರದಿಗಳಿವೆ. ಹಾಗಾಗಿ ನಿಮ್ಮ ಮನೆಯಲ್ಲಿ ಯಾರಾದ್ರೂ ದಿನಾ ನುಂಗ್ತಿದ್ರೆ, ‘ಅರಿಶಿನ ತಾನೇ’ ಅಂತ ಸುಮ್ಮನಾಗದೆ ಡಾಕ್ಟರಿಗೆ ಒಂದು ಮಾತು ಹೇಳಿ. ಮುಂದಿನ ವಾರ ಸಿಗೋಣ.